ಅಜ್ಜಿಯ ಚಾಪೆಯಲ್ಲಿ ಕೂತ ಶುಕ್ವೇ

ಶುಕ್ವೇ ಗಟ್ಟಿಮುಟ್ಟಾಗಿ ಬದುಕಿದ್ದಾಗಲೇ ಅವಳ ಗಂಡ ಅವಳೆದುರು ನೆಲಕ್ಕೆ ಹಣೆ ಹಚ್ಚುತ್ತಿದ್ದ. ಮಾವನೂ ಹಚ್ಚುತ್ತಿದ್ದ. ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಹಚ್ಚುತ್ತಿದ್ದಳು. ಎಂಥ ಪುಣ್ಯವಂತೆ ಎಂದು ದೂರದ ಊರಿನವರು ಹೊಟ್ಟೆಕಿಚ್ಚು ಪಡುತ್ತಿದ್ದರು. ಆ ಪುಣ್ಯ ನಮ್ಮ ಶತ್ರುವಿಗೂ ಬೇಡ.

ಅವಳು ಕ್ವೇ ಕುಲದ ಮೂರನೆಯ ಮಗಳು. ಹಳದಿ ನದಿಯ ತಗ್ಗು ದಂಡೆಯಲ್ಲಿದ್ದ ಕಡ್ಡಿ ಓದುವ ಮನೆಗೆ ಅವಳನ್ನು ಕೊಟ್ಟರು. ಒಣಗಿದ ಗಿಡದ ಕಡ್ಡಿಗಳನ್ನು ಹಿಡಿಯಲ್ಲಿ ಹಿಡಿದು, ಎರಡು ಪಾಲು ಮಾಡಿ, ಎಣಿಸಿ, ಉಳಿದದ್ದನ್ನು ನೋಡಿ ಇಡೀ ಗೆರೆಯೋ ನಡುವೆ ಮುರಿದ ಗೆರೆಯೋ ಒಂದೊಂದೇ ಎಳೆಯುವುದು ಆ ಮನೆಯ ಗಂಡಸರ ಕಸುಬು. ಮದುವೆಯೋ, ಬಿತ್ತನೆಯೋ, ಕಳೆದುಹೋದ ಎತ್ತೋ, ಏನೇ ಇದ್ದರೂ ಸುತ್ತಿನ ಜನ ಅಲ್ಲಿಗೇ ಬರುತ್ತಿದ್ದರು. ಗೆರೆ ಮೂಡುವುದು ಮರದ ತಟ್ಟೆಯಲ್ಲಿ ಹರಡಿದ ಬೂದಿಯ ಮೇಲೆ. ಆ ಬೂದಿಯನ್ನು ಜರಡಿ ಹಿಡಿದು ನುಣ್ಣಗೆ ಹರಡುವುದು ಸೊಸೆಯರ ಪಾಲಿನ ಕೆಲಸ.

ಮಾವ ಬೋ ಗೆಂಗ್ ತಟ್ಟೆಯ ಆ ಬದಿ, ಶುಕ್ವೇ ಈ ಬದಿ. ಮಾವ ಮೊದಲ ಗೆರೆಯನ್ನು ತನ್ನ ಮೊಣಕಾಲ ಹತ್ತಿರ ಎಳೆದು, ಒಂದರ ಮೇಲೊಂದು ಕಟ್ಟುತ್ತ, ಆರನೆಯದನ್ನು ಅವಳ ಮೂಗಿನ ಕೆಳಗೆ ತಂದು ನಿಲ್ಲಿಸುತ್ತಿದ್ದ. ಹಾಗಾಗಿ ಅವಳು ಕಲಿತದ್ದೆಲ್ಲ ತಲೆಕೆಳಗು. ಮೂರು ಗೆರೆ ಸೇರಿದರೆ ಅದಕ್ಕೊಂದು ಹೆಸರು. ಆಕಾಶ, ನೆಲ, ನೀರು, ಬೆಂಕಿ, ಇವು ಯಾವ ಬದಿಯಿಂದ ನೋಡಿದರೂ ಅವೇ. ಆದರೆ ಗಾಳಿ ತಿರುಗಿದರೆ ಕೆರೆಯಾಗುತ್ತದೆ. ಎರಡು ಮುರಿದ ಗೆರೆಗಳ ತಲೆಯ ಮೇಲೆ ಒಂದು ಇಡೀ ಗೆರೆ ಕೂತರೆ ಅದು ಬೆಟ್ಟ: ಅಲ್ಲಾಡಬೇಡ, ಇದ್ದಲ್ಲೇ ಇರು ಎಂದು ಅರ್ಥ. ಅದನ್ನೇ ಎದುರು ಬದಿಯಿಂದ ನೋಡಿದರೆ ಇಡೀ ಗೆರೆ ಅಡಿಗೆ ಬಂದು ಗುಡುಗಾಗುತ್ತದೆ: ನೆಲದ ಕೆಳಗೆ ಏನೋ ಎಚ್ಚರವಾಗಿದೆ, ನೀನೂ ಏಳು ಎಂದು ಅರ್ಥ. ಮಾವ ಬೆಟ್ಟ ಎಂದಾಗಲೆಲ್ಲ ಅವಳ ಕಣ್ಣಿಗೆ ಬಿದ್ದದ್ದು ಗುಡುಗು. ಮನಸ್ಸಿನಲ್ಲೇ ತಟ್ಟೆಯನ್ನು ತಿರುಗಿಸಿ ನೋಡುವುದು ಅವಳಿಗೆ ಅಂಗಿ ಮಗುಚಿ ಒಣಹಾಕಿದಷ್ಟು ಸಲೀಸಾಗಿಬಿಟ್ಟಿತ್ತು.

ಮನೆಯಲ್ಲಿ ನಿಜವಾದ ಯಜಮಾನಿಕೆ ಬೋ ಗೆಂಗನ ತಾಯಿಯದು. ಎಲ್ಲರಿಗೂ ಅವಳು ಅಜ್ಜಿ. ಕಣ್ಣು ಮಂಜಾಗಿತ್ತು, ನಾಲಿಗೆ ಮಂಜಾಗಿರಲಿಲ್ಲ. ಬದುಕಿರುವವರ ಪ್ರಶ್ನೆ ಓದುವಾಗ ಅವಳು ಮಗನ ಗೊಡವೆಗೆ ಹೋಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹಿರಿಯರ ಕೋಣೆಯಲ್ಲಿ ಸತ್ತವರನ್ನು ಕರೆದು ಕೇಳುವಾಗ ಮಾತ್ರ ಬಿದಿರು ಕೋಲು ಹಿಡಿದು ಪಕ್ಕದಲ್ಲೇ ಕೂರುವಳು. ಸತ್ತವರದ್ದೆಲ್ಲ ನಮ್ಮದರ ತಿರುವು. ನಾವು ಅಂಗಿಯ ಎಡದ ಸೆರಗನ್ನು ಬಲದ ಮೇಲೆ ತರುತ್ತೇವೆ, ಹೆಣಕ್ಕೆ ಬಲದ್ದನ್ನು ಎಡದ ಮೇಲೆ ತರುತ್ತೇವೆ. ಹಾಗೆಯೇ ಸತ್ತವರಿಗೆ ಕೇಳಿದ ಪ್ರಶ್ನೆಯಾದರೆ, ಆರು ಗೆರೆ ಎಳೆದ ಮೇಲೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಓದಬೇಕು. ಬೋ ಗೆಂಗ್ ಅದನ್ನು ಮರೆಯುತ್ತಿದ್ದ. ಅಭ್ಯಾಸ ಬಲ. ಕೋಲು ಅವನ ಪಕ್ಕೆಗೆ ಚುಚ್ಚುತ್ತಿತ್ತು.

"ತಿರುಗ್ಸೋ! ನೀನು ಸತ್ತಿದೀಯೋ, ಅವರು ಸತ್ತಿದಾರೋ?"

ಒಂದು ಚಳಿಗಾಲದಲ್ಲಿ ಅಜ್ಜಿ ಸತ್ತಳು. ಬೇಸಿಗೆಯ ಕೊನೆಗೆ ದಂಡೆಯಲ್ಲಿ ಬಿರುಕು ಬಿಟ್ಟಿತು. ಮೊದಲು ಕೂದಲೆಳೆಯಷ್ಟು, ಆಮೇಲೆ ಕೈ ತೂರುವಷ್ಟು. ಬಾನಕ್ಕಿಗಳು ಸೂರಿನ ಗೂಡಿನಲ್ಲಿ ಮೊಟ್ಟೆಗಳನ್ನು ಹಾಗೇ ಬಿಟ್ಟು ಹೋದವು. ಹಗಲಿನಲ್ಲೇ ಇಲಿಗಳು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹಳದಿ ಮಣ್ಣಿನ ದಿಬ್ಬದ ಕಡೆ ಸಾಲಾಗಿ ಹೋಗುವುದನ್ನು ಹೆಂಗಸರು ನೋಡಿದರು. ಅವು ಯಾರಿಗೂ ಹೆದರಲಿಲ್ಲ. ಕಾಲಡಿಯಲ್ಲೇ ನುಸುಳಿ ಹೋದವು.

"ಇಲಿಗಿರೋ ಬುದ್ಧಿ ಈ ಮನೆ ಗಂಡಸರಿಗಿಲ್ಲ," ಎಂದಳು ಮಂಗ್‌ರೆನ್. ಅವಳು ಶುಕ್ವೇಯ ಓರಗಿತ್ತಿ, ಮನೆಯ ಹಿರಿಯ ಸೊಸೆ. ಬಾಯಿ ಜೋರು, ಕರುಳು ಮೆತ್ತಗೆ.

ಗಂಡಸರಿಗೂ ಬುದ್ಧಿ ಇತ್ತು. ಜೊತೆಗೆ ಹೊಲದಲ್ಲಿ ತೆನೆ ಬಗ್ಗಿದ ನವಣೆಯೂ ಇತ್ತು. ಬಿಟ್ಟು ಹೋದರೆ ಚಳಿಗಾಲಕ್ಕೆ ಮಣ್ಣು ತಿನ್ನಬೇಕು. ಅರ್ಧ ಜನ ಹೋಗೋಣವೆಂದರು, ಅರ್ಧ ಜನ ಇರೋಣವೆಂದರು. ಬೋ ಗೆಂಗ್ ಕೊನೆಗೆ ಅಮ್ಮನನ್ನೇ ಕೇಳೋಣ ಎಂದ.

ಸತ್ತವರನ್ನು ಕರೆಯಬೇಕಾದರೆ ಅವರಿಗೆ ಒಂದು ಮೈ ಬೇಕು. ಸತ್ತವಳು ಅಜ್ಜಿಯಾದರೆ ಮೊಮ್ಮಗನ ಹೆಂಡತಿ ಅವಳ ಬಟ್ಟೆ ಉಟ್ಟು, ಅವಳ ಚಾಪೆಯ ಮೇಲೆ ಕೂರಬೇಕು. ಇಬ್ಬರು ಸೊಸೆಯರಲ್ಲಿ ಯಾರು ಎಂಬುದನ್ನೂ ಕಡ್ಡಿಯೇ ಹೇಳಬೇಕು. ಮಂಗ್‌ರೆನ್ನಳಿಗೆ ಬೆಂಕಿ ಬಂತು, ಶುಕ್ವೇಗೆ ನೀರು.

"ಬೆಂಕಿ ತಾನೇ? ನಂಗೆ ಮೊದ್ಲೇ ಗೊತ್ತಿತ್ತು," ಎಂದು ಮಂಗ್‌ರೆನ್ ನಕ್ಕಳು. "ಬೆಂಕಿ ಸುಮ್ನೆ ಕೂರುತ್ತಾ? ಚಟಪಟ ಅಂತಿರುತ್ತೆ. ನಾನು ಕೂತಿದ್ರೆ ಅರ್ಧ ಊಟದಲ್ಲೇ ಉಪ್ಪು ಕಮ್ಮಿ ಅಂದ್ಬಿಡ್ತಿದ್ದೆ."

"ಅಜ್ಜೀನೂ ಅಂತಿದ್ರಲ್ಲಕ್ಕಾ."

"ಬದುಕಿದ್ದಾಗ ಅಂತಿದ್ರು ಕಣೇ, ಈಗ ಅನ್ನೋ ಹಾಗಿಲ್ಲ. ನೀನು ನೀರು. ಯಾವ ಪಾತ್ರೆಗೆ ಹುಯ್ದರೆ ಆ ಪಾತ್ರೆ ಥರ ನಿಲ್ತೀಯ. ಹುಷಾರು, ಮತ್ತೆ ವಾಪಸ್ ಹುಯ್ಕೊಳೋದು ಮರೀಬೇಡ!"

ಕಟ್ಟುಪಾಡು ಶುಕ್ವೇಗೆ ಗೊತ್ತಿದ್ದದ್ದೇ. ಚಾಪೆಯ ಮೇಲೆ ಕೂತವಳು ಮಾತಾಡುವಂತಿಲ್ಲ. ಸತ್ತವರಿಗೆ ಮಾತಿಲ್ಲ. ಬಡಿಸಿದ್ದನ್ನು ತಿನ್ನಬೇಕು. ಅವಳು ಎದ್ದರೆ ಮನೆಯವರೆಲ್ಲ ಏಳಬೇಕು, ನಡೆದರೆ ಹಸುಗೂಸೂ ಉಳಿಯದಂತೆ ಹಿಂದೆ ನಡೆಯಬೇಕು, ಅವಳು ಕೂರುವ ತನಕ ಯಾರೂ ಕೂರಬಾರದು. ಕೊನೆಗೆ ಮನೆಯ ಹಿರಿಯ ಅದೇ ಕೋಣೆಯಲ್ಲಿ, ಅದೇ ಚಾಪೆಯೆದುರು ನಿಂತು ಕಳಿಸಿಕೊಡುವ ಮಾತು ಹೇಳುತ್ತಾನೆ. ಅಲ್ಲಿಗೆ ಅಜ್ಜಿ ಹೊರಟಳು. ಬಟ್ಟೆ ಕಳಚಿ, ಬಾಯಿ ಮುಕ್ಕಳಿಸಿದರೆ ಸೊಸೆ ಮತ್ತೆ ಸೊಸೆ.

ಬೆಳಿಗ್ಗೆಯೇ ಅವಳಿಗೆ ಅಜ್ಜಿಯ ಸೆಣಬಿನ ನಿಲುವಂಗಿ ತೊಡಿಸಿದರು, ಬಲದ ಸೆರಗು ಎಡದ ಮೇಲೆ ಬರುವಂತೆ. ಅದರಲ್ಲಿ ಅಜ್ಜಿಯ ಬೆವರಿನ ವಾಸನೆ ಇನ್ನೂ ಇತ್ತು. ಎದುರಿಗೆ ಬರಗಿನ ಅನ್ನ, ಹಂದಿಯ ಮಾಂಸ, ಬರಗಿನ ಹೆಂಡ, ಅಜ್ಜಿಗೆ ಪ್ರಾಣವಾಗಿದ್ದ ಕೊಳೆಹಾಕಿದ ಮೀನು. ಆ ಮೀನಿನ ನಾತಕ್ಕೆ ಶುಕ್ವೇ ಮದುವೆಯಾದ ದಿನದಿಂದ ಮೂಗು ಮುಚ್ಚಿಕೊಂಡವಳು. ಅವಳ ಗಂಡ ಹೆಂಗ್ ತಲೆ ಬಗ್ಗಿಸಿ ಬಡಿಸಿದ.

"ಅಜ್ಜಿ, ಹೊಟ್ಟೆ ತುಂಬ ತಿನ್ನಿ."

ಸೊಂಟಪಟ್ಟಿ ಸಿಗಲಿಲ್ಲವೆಂದು ಹಿಂದಿನ ದಿನವಷ್ಟೇ ಅವಳ ಮೇಲೆ ರೇಗಾಡಿದ್ದ ಗಂಡ! ನಗು ಬರುತ್ತದೆ, ತಡೆದುಕೊಳ್ಳಬೇಕು ಎಂದು ಅವಳು ತುಟಿ ಬಿಗಿಹಿಡಿದಳು. ನಗು ಬರಲಿಲ್ಲ. ಎದುರಿಗಿದ್ದವನು ಮೊಮ್ಮಗನಂತೆಯೇ ಕಂಡ. ಮೀನಿನ ಬಟ್ಟಲು ಖಾಲಿಯಾದದ್ದನ್ನು ಅವಳು ನೋಡಿದ್ದು ಅದು ಖಾಲಿಯಾದ ಮೇಲೆ. ಆಗ ಅವಳಿಗೆ ಮೊದಲ ಸಲ ಹೆದರಿಕೆಯಾಯಿತು.

ಬೋ ಗೆಂಗ್ ಉಪವಾಸದಿಂದ ಬಡಕಲಾಗಿದ್ದ.  ಪ್ರಶ್ನೆ ಕೇಳಿ, ಕಡ್ಡಿ ಎಣಿಸಿ, ಬೂದಿಯ ಮೇಲೆ ಗೆರೆ ಎಳೆದ. ಮುರಿದದ್ದು, ಮುರಿದದ್ದು, ಇಡೀ ಗೆರೆ. ಮತ್ತೆ ಮುರಿದದ್ದು, ಮುರಿದದ್ದು, ಇಡೀ ಗೆರೆ. ನಿಟ್ಟುಸಿರು ಬಿಟ್ಟ.

"ಬೆಟ್ಟ. ಬೆಟ್ಟದ ಮೇಲೆ ಬೆಟ್ಟ. ಅಮ್ಮ ಇದ್ದಲ್ಲೇ ಇರಿ ಅಂತಾಳೆ."

ಅವನು ತಟ್ಟೆ ತಿರುಗಿಸಿರಲಿಲ್ಲ. ಪಕ್ಕೆಗೆ ಚುಚ್ಚುವ ಕೋಲು ಮಣ್ಣು ಸೇರಿತ್ತು. ಹೆಂಗ್ ತಟ್ಟೆಯನ್ನು ನೋಡಿದ, ಅಪ್ಪನ ಮುಖ ನೋಡಿದ, ತಲೆ ತಗ್ಗಿಸಿದ. ಹಿರಿಯರ ಕೋಣೆಯಲ್ಲಿ ಮಗ ಅಪ್ಪನನ್ನು ತಿದ್ದುವುದುಂಟೇ? ಶುಕ್ವೇಯ ಬದಿಯಿಂದ ಅಲ್ಲಿದ್ದದ್ದು ಗುಡುಗು. ಗುಡುಗಿನ ಮೇಲೆ ಗುಡುಗು. ಏಳು, ಏಳು.

ಜನ ಆಗಲೇ ನೆಮ್ಮದಿಯಿಂದ ಪಿಸುಗುಡುತ್ತಿದ್ದರು. ಅವಳ ಮೂರು ವರ್ಷದ ಮಗಳು ಸುಯಿ ದಂಡೆಗೆ ಅಂಟಿಕೊಂಡಿದ್ದ ರೇಷ್ಮೆಹುಳುವಿನ ಕೊಠಡಿಯಲ್ಲಿ ಮಲಗಿದ್ದಳು. ಹುಳು ಸಾಕುವ ಕಾಲ ಮುಗಿದು ಆ ಕೊಠಡಿ ಖಾಲಿಯಿತ್ತು, ತಂಪೆಂದು ಮಕ್ಕಳನ್ನು ಅಲ್ಲೇ ಮಲಗಿಸುತ್ತಿದ್ದರು. ಬಿರುಕು ಹಾದುಹೋಗಿದ್ದೂ ಆ ಗೋಡೆಯ ಬುಡದಲ್ಲೇ. ಬಾಯಿ ಬಿಟ್ಟು ಹೇಳಿದರೆ ಸತ್ತವಳು ಮಾತಾಡಿದಂತಾಯಿತು. ಕರೆದದ್ದೇ ಸುಳ್ಳು, ಓದಿದ್ದೂ ಸುಳ್ಳು ಎಂದು ಎಲ್ಲರೂ ಎದ್ದು ಮನೆಗೆ ಹೋಗುತ್ತಾರೆ, ಒಬ್ಬನೂ ದಿಬ್ಬ ಹತ್ತುವುದಿಲ್ಲ. ಶುಕ್ವೇ ಇಷ್ಟನ್ನು ಯೋಚಿಸಿದಳೋ ಇಲ್ಲವೋ, ಅವಳೇ ಆಮೇಲೆ ಖಚಿತವಾಗಿ ಹೇಳಲಾರದೆ ಹೋದಳು. ಅವಳಿಗೆ ಗೊತ್ತಾದದ್ದು ತನ್ನ ಕಾಲು ಎದ್ದು ನಿಂತದ್ದು.

 ಎಲ್ಲರೂ ಎದ್ದರು. ಅವಳು ಹೊಸಿಲು ದಾಟಿ, ಅಂಗಳ ದಾಟಿ, ಹುಳುವಿನ ಕೊಠಡಿಯ ಮುಂದೆ ಹಾದು ನಡೆದಳು. ಗದ್ದಲಕ್ಕೆ ಎದ್ದ ಸುಯಿ ಬಾಗಿಲಲ್ಲಿ ಕಣ್ಣುಜ್ಜುತ್ತ ನಿಂತಿದ್ದಳು.

"ಅಮ್ಮಾ!"

ತಿರುಗಿದರೆ ಮುಗಿಯಿತು. ತಿರುಗಿ ನೋಡುವವಳು ತಾಯಿ, ಅಜ್ಜಿಯಲ್ಲ. ಅವಳು ತಿರುಗಲಿಲ್ಲ. ಹಿಂದಿನಿಂದ ಮಂಗ್‌ರೆನ್ ಮಗುವನ್ನು ಬಾಚಿ ಎತ್ತಿಕೊಂಡು ಬಾಯಿ ಮುಚ್ಚಿದ್ದು ಕೇಳಿಸಿತು. "ಶ್! ಅಮ್ಮ ಅಲ್ಲ ಮಗಾ, ಅಜ್ಜಿ."

ದಿಬ್ಬದ ನೆತ್ತಿಯಲ್ಲಿ ಅವಳು ನಿಂತಳು. ಕೂರಲಿಲ್ಲ. ಕೂತರೆ ಎಲ್ಲರೂ ಕೂತು, ದಣಿವಾರಿಸಿಕೊಂಡು, ಇಳಿದುಬಿಡುತ್ತಾರೆ. ಬಿಸಿಲೇರಿತು. ಮುದುಕರು ಒಬ್ಬರಿಗೊಬ್ಬರು ಒರಗಿದರು, ಕೂಸುಗಳು ಅತ್ತವು. ಬೋ ಗೆಂಗ್ ಎರಡು ಕೈ ಜೋಡಿಸಿದ.

"ಅಮ್ಮಾ, ಕೂತ್ಕೊಳಮ್ಮಾ. ಏನು ತಪ್ಪಾಯ್ತು ನಮ್ಮಿಂದ? ಹೇಳಬಾರದಾ?"

ಅವಳ ಕಾಲು ನೋಯಲೇ ಇಲ್ಲ. ಬೆಳಗಿನಿಂದ ಬಿಸಿಲಲ್ಲಿ ನಿಂತ ಹೆಂಗಸಿಗೆ ಕಾಲು ನೋಯಬೇಡವೇ? ಅವಳಿಗೆ ಅದು ಆಗಲೇ ವಿಚಿತ್ರವೆನಿಸಿತ್ತು.

ಸೂರ್ಯ ಪಶ್ಚಿಮಕ್ಕೆ ವಾಲಿದಾಗ ನೆಲದೊಳಗಿಂದ ಸದ್ದು ಬಂತು. ಮೋಡವಿಲ್ಲ, ಮಳೆಯಿಲ್ಲ, ಅಡಿಯಲ್ಲೆಲ್ಲೋ ಗುಡುಗು ಉರುಳಿತು. ಆಮೇಲೆ ದಂಡೆ ಸುಮ್ಮನೆ ಕುಸಿಯಿತು. ಹುಳುವಿನ ಕೊಠಡಿ, ಕಣಜ, ಅಡಿಗೆಮನೆ, ಹಿರಿಯರ ಕೋಣೆ, ಎಲ್ಲ ಒಂದರ ಹಿಂದೊಂದು ಬಗ್ಗಿ ಹಳದಿ ನೀರಿಗೆ ಇಳಿದವು.  ಎಲ್ಲರೂ ನದಿಯ ಕಡೆ ಅಲ್ಲ, ಅವಳ ಕಡೆ ನೋಡುತ್ತಿದ್ದರು.

ಆಗ ಶುಕ್ವೇ ಕೂತಳು. ಮಗಳ ಕಡೆ ಕೈ ಚಾಚಬೇಕೆಂದು ಜೀವ ಹಾರುತ್ತಿತ್ತು. ಕಳಿಸಿಕೊಡುವ ಮಾತು ಹೇಳಿ ಎಂಬಂತೆ ಮಾವನ ಮುಖವನ್ನೇ ನೋಡಿದಳು. ಬೋ ಗೆಂಗ್ ಗಳಗಳ ಅತ್ತ.

"ಎಲ್ಲಿಂದ ಕಳಿಸಲಮ್ಮಾ? ನಿನ್ನ ಕರೆದ ಕೋಣೆನೇ ಇಲ್ಲ."

ಕರೆದ ಜಾಗದಿಂದಲೇ ಕಳಿಸಬೇಕು. ಬೇರೆ ದಾರಿ ನಮ್ಮಲ್ಲಿಲ್ಲ. ಎಂದೂ ಬೇಕಾಗಿರಲಿಲ್ಲ. ಅವಳು ನಡೆಸಿದ್ದು ಸುಳ್ಳಾಗಿದ್ದರೆ, ದಂಡೆ ಗಟ್ಟಿಯಾಗಿ ನಿಂತಿದ್ದರೆ, ನಾಲ್ಕು ಬೈದು, ನಾಲ್ಕು ಬಾರಿಸಿ, ಬಟ್ಟೆ ಕಿತ್ತು ಸೊಸೆಯ ಕೆಲಸಕ್ಕೆ ಹಚ್ಚುತ್ತಿದ್ದರು. ನಿಜವಾಯಿತಲ್ಲ, ಅದೇ ಅವಳಿಗೆ ಮುಳುವಾಯಿತು. ಇಷ್ಟು ಜನರ ಜೀವ ಉಳಿಸಿದ ಅಜ್ಜಿಗೆ ಹೊರಡು ಎನ್ನುವ ಎದೆಗಾರಿಕೆ ಯಾರಿಗಿದೆ?

ದಿಬ್ಬದ ಮೇಲೆ ಹೊಸ ಮನೆ ಎದ್ದ ಮೇಲೆ, ಶುಕ್ವೇಯನ್ನು ಬಿಟ್ಟುಕೊಡಿ ಎಂಬ ಮಂಗ್‌ರೆನ್ನಳ ಗೋಳು ತಾಳಲಾರದೆ ಬೋ ಗೆಂಗ್ ಕಡ್ಡಿ ಹಿಡಿದು ಕೇಳಿದ: ಅಮ್ಮ ಹೋಗುತ್ತಾಳೋ, ಇರುತ್ತಾಳೋ? ಶುಕ್ವೇ ಎದುರಿಗೇ ಕೂತಿದ್ದಳು. ಆರಕ್ಕೆ ಆರೂ ಮುರಿದ ಗೆರೆಗಳು ಬಂದವು. ನೆಲ. ಈ ಸಲ ಅವನು ಬಹಳ ಜಾಗ್ರತೆಯಿಂದ ತಟ್ಟೆ ತಿರುಗಿಸಿದ, ಪಾಪ. ನೆಲವನ್ನು ಹೇಗೆ ತಿರುಗಿಸಿದರೂ ನೆಲವೇ.

ನೆಲವೆಂದರೆ ತಾಯಿ. ಶುಕ್ವೇ ತಟ್ಟೆಯ ಕಡೆ ಬಾಗಿದಳು. ಮಗುವಿಗೆ ತಾಯಿಯನ್ನು ಕೊಡು ಎಂದಲ್ಲದೆ ಇದಕ್ಕೆ ಬೇರೆ ಅರ್ಥವಿದೆಯೇ?

"ನೆಲ," ಎಂದ ಬೋ ಗೆಂಗ್. "ತಾಯಿ. ನಮ್ಮ ತಾಯಿ. ನೆಲ ತನ್ನೊಳಗೆ ಬಿದ್ದದ್ದನ್ನ ಬಿಟ್ಟುಕೊಡಲ್ಲ. ಅಮ್ಮ ಇರ್ತಾಳೆ."

ಒಮ್ಮೆ ಕೇಳಿದ್ದನ್ನು ಇನ್ನೊಮ್ಮೆ ಕೇಳುವಂತಿಲ್ಲ.

ಒಂದು ಮಾತಾಡಿದರೆ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಅವಳೂ ದಿನವೂ ಅದನ್ನೇ ಕೇಳಿಕೊಂಡಳು. ಆದರೆ ಆ ಹೊತ್ತಿಗೆ ಸೀಮೆಯ ದೊರೆ, ಇವರ ಸತ್ತವರು ಇವರ ಮುಂದೆ ನಡೆಯುತ್ತಾರೆ ಎಂದು ಬೆರಗಾಗಿ ದಿಬ್ಬದ ಹಿಂದಿನ ಹೊಲವನ್ನೆಲ್ಲ ಮನೆತನಕ್ಕೆ ಕೊಟ್ಟಿದ್ದ. ಅಲ್ಲ, ಅದು ನಾನು ಎಂದರೆ? ಸತ್ತವಳ ಬಟ್ಟೆ ಉಟ್ಟು ಕುಲಕ್ಕೆಲ್ಲ ಮೋಸ ಮಾಡಿದವಳ ಮಗಳನ್ನು ಯಾವ ಮನೆ ಸೇರಿಸಿಕೊಳ್ಳುತ್ತದೆ? ಸುಯಿ ದೊಡ್ಡವಳಾಗಲಿ, ಒಳ್ಳೆಯ ಮನೆ ಸೇರಲಿ. ಹೊರಡುವ ದಿನ ಅವಳೊಬ್ಬಳ ಕಿವಿಗೆ ಹೇಳುತ್ತೇನೆ. ಹಾಗೆಂದು ಅವಳು ಆ ಒಂದು ಮಾತನ್ನು ಒಳಗೇ ಬಚ್ಚಿಟ್ಟುಕೊಂಡಳು.

ಹೆಂಗ್ ದಿನವೂ ಊಟ ತಂದಿಟ್ಟು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೋಗುತ್ತಿದ್ದ. ಒಂದು ದಿನ ಮಾತ್ರ ಬಾಗಿಲಲ್ಲೇ ನಿಂತ.

"ಶುಕ್ವೇ..."

ಅವಳು ತಲೆ ಎತ್ತಿದಳು. ಅವನ ಮುಖ ಸುಣ್ಣವಾಯಿತು. "ತಪ್ಪಾಯ್ತು ಅಜ್ಜಿ," ಎಂದು ನೆಲಕ್ಕೆ ಬಿದ್ದ. ಅವಳ ಮುಖದಲ್ಲಿ ಅವನು ಏನು ಕಂಡನೋ, ಕನ್ನಡಿಯಂಥ ಕಂಚಿನ ತಟ್ಟೆಯಲ್ಲಿ ಎಷ್ಟು ನೋಡಿಕೊಂಡರೂ ಅವಳಿಗೆ ಗೊತ್ತಾಗಲಿಲ್ಲ. ಮರು ವರ್ಷ ಅವನಿಗೆ ಬೇರೆ ಹೆಂಡತಿಯನ್ನು ತಂದರು. ಆ ಹುಡುಗಿಯೂ ಬಂದು ಇವಳ ಕಾಲಿಗೇ ಬಿದ್ದಳು.

ಸುಯಿಯನ್ನು ಬೆಳೆಸಿದವಳು ಮಂಗ್‌ರೆನ್. ಹುಡುಗಿ ಹಬ್ಬಕ್ಕೊಮ್ಮೆ ಹೊಸ ಬಟ್ಟೆ ಉಟ್ಟು ಬಂದು, ದೂರದಿಂದ ನಮಸ್ಕರಿಸಿ ಓಡಿಹೋಗುತ್ತಿದ್ದಳು. ಮೊದಮೊದಲು ಶುಕ್ವೇ ಆ ದಿನವೆಲ್ಲ ಅಳುತ್ತಿದ್ದಳು. ಆಮೇಲಾಮೇಲೆ ಅವಳನ್ನು ಹೆದರಿಸಿದ್ದು ಬೇರೆ ಅಳು. ಒಂದು ಮಧ್ಯಾಹ್ನ ಎಚ್ಚರವಾದಾಗ ಕೆನ್ನೆ ಒದ್ದೆಯಾಗಿತ್ತು. ನದಿಯಲ್ಲಿ ಮುಳುಗಿ ಸತ್ತ ಗಂಡುಮಗುವೊಂದಕ್ಕಾಗಿ ಅತ್ತಿದ್ದಳು. ಅವನ ಎಡಗಿವಿಯ ಹಿಂದಿನ ಮಚ್ಚೆ ಕೂಡ ಕಣ್ಣಿಗೆ ಕಟ್ಟಿದಂತಿತ್ತು. ಅವಳು ಗಂಡುಮಗು ಹೆತ್ತವಳೇ ಅಲ್ಲ. ಬೋ ಗೆಂಗ್ ಹುಟ್ಟುವ ಮೊದಲು ಅಜ್ಜಿಗೊಂದು ಮಗು ಹೋಗಿತ್ತೆಂದು ಅಡಿಗೆಮನೆಯಲ್ಲಿ ಯಾರೋ ಆಡಿದ್ದನ್ನು ಕೇಳಿದ್ದೆನೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಚ್ಚೆಯ ಮಾತನ್ನು ಯಾರು ಆಡಿದ್ದರು? ಅದು ಮಾತ್ರ ನೆನಪಿಗೆ ಬರಲಿಲ್ಲ. ಅಂದು ದಿಬ್ಬ ಹತ್ತಿದ ಕಾಲು ಯಾರದು ಎಂಬ ಸಂಶಯ ಅವಳಿಗೆ ಹುಟ್ಟಿದ್ದು ಆಗಲೇ.

ಸುಯಿಗೆ ಹದಿನೇಳು ತುಂಬಿದಾಗ ನದಿಯಾಚೆಯ ದೊಡ್ಡ ಮನೆಯಿಂದ ಗಂಡು ಬಂತು. ಹೊರಡುವ ಬೆಳಿಗ್ಗೆ ಗಾಡಿ ಅಂಗಳದಲ್ಲಿ ನಿಂತಿತ್ತು. ಹೆಣ್ಣಿಗೆ ಸೊಂಟಪಟ್ಟಿ ಕಟ್ಟಿ, ಹೋದ ಮನೆಯಲ್ಲಿ ಹೀಗಿರು ಹಾಗಿರು ಎಂದು ಬುದ್ಧಿ ಹೇಳಬೇಕಾದವಳು ತಾಯಿ. ಆ ಪಟ್ಟಿಯನ್ನು ಹಿಡಿದು ಮಂಗ್‌ರೆನ್ ಬಾಗಿಲಾಚೆ ಕಾದಿದ್ದಳು. ಸುಯಿ ಒಬ್ಬಳೇ ಒಳಗೆ ಬಂದಳು. ನಮಸ್ಕರಿಸಿ ಏಳಬೇಕಾದವಳು ಏಳದೆ ಹಾಗೇ ಕೂತಳು.

"ಅಜ್ಜಿ, ಒಂದು ಕೇಳ್ಲಾ? ನಮ್ಮಮ್ಮ ನಿಮ್ಮೊಳಗೇ ಇದ್ದಾಳೆ ಅಂತ ದೊಡ್ಡಮ್ಮ ಹೇಳ್ತಾರೆ. ಚೆನ್ನಾಗಿದ್ದಾಳಾ? ಅವಳಿಗೆ ಅಲ್ಲಿ ಕತ್ತಲೆಯಾ?" ಹುಡುಗಿ ಚಾಪೆಯ ಹತ್ತಿರಕ್ಕೆ ಸರಿದಳು. "ನಾನು ಹೊರಟೆ ಅಂತ ಹೇಳಿ. ನೀವು ಬಿಟ್ಟರೆ, ಒಂದೇ ಒಂದು ಗಳಿಗೆ ಅವಳನ್ನ ನೋಡ್ತಿದ್ದೆ."

ಶುಕ್ವೇ ಚಾಪೆಯಿಂದ ಜಾರಿ ಮಗಳ ಎರಡೂ ಕೈ ಹಿಡಿದಳು. ಇಷ್ಟು ವರ್ಷ ಮಾತಾಡದ ಗಂಟಲು ಬಹುಕಾಲ ತೆರೆಯದ ಕದದಂತೆ ಕಿರುಗುಟ್ಟಿತು.

"ಸುಯಿ, ನಾನೇ ಕಣೇ. ನಿಮ್ಮಮ್ಮ. ಇಲ್ಲಿ ಅಜ್ಜಿ ಯಾರೂ ಇಲ್ಲ. ಅವತ್ತು ಎದ್ದವಳೂ ನಾನೇ, ನಿನಗೋಸ್ಕರ."

ಸುಯಿ ಕಣ್ಣರಳಿಸಿ ನೋಡಿದಳು. ಕಣ್ಣು ತುಂಬಿ ಹರಿಯಿತು. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು, ಹಿಂದೆ ಸರಿದು, ನೆಲಕ್ಕೆ ಹಣೆ ಹಚ್ಚಿ, ಹೊರಗೆ ಹೋದಳು. ತೆಳುವಾದ ಗೋಡೆಯ ಆಚೆಯಿಂದ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು.

"ದೊಡ್ಡಮ್ಮ, ಅಜ್ಜಿ ಎಷ್ಟು ದೊಡ್ಡ ಮನಸ್ಸಿನವರು! ನಾನು ಅಳ್ತೀನಿ ಅಂತ ಅಮ್ಮನ ಥರಾನೇ ಮಾತಾಡಿದ್ರು. ಅಮ್ಮನ ಧ್ವನಿ ಹಾಗೇ ಇತ್ತಾ? ನಂಗೆ ನೆನಪೇ ಇಲ್ಲ."

ಮಂಗ್‌ರೆನ್ ಹುಡುಗಿಯ ನಡುವಿಗೆ ಪಟ್ಟಿ ಸುತ್ತಿದಳು. 

"ಇಲ್ಲ ಮಗಾ," ಎಂದಳು.  "ನಂಗೂ ಇಲ್ಲೀವರೆಗೆ ಕೇಳಿಸ್ತು. ನಿಮ್ಮಮ್ಮನ ಧ್ವನಿ ಹಾಗಿರಲಿಲ್ಲ. ಅದು ಅಜ್ಜೀದೇ. ಎಷ್ಟು ವರ್ಷ ಬೈಸಿಕೊಂಡಿದೀನಿ ನಾನು, ಮರೀತೀನಾ?"

ಗಾಡಿ ಹೊರಟಿತು. ಶುಕ್ವೇ ಮಗಳನ್ನು ಕೂಗಬೇಕೆಂದು ಬಾಯಿ ತೆರೆದಳು.  ಆಮೇಲೆ ಬಾಯಿ ಮುಚ್ಚಿದಳು. ತನ್ನ ಬಾಯಿಂದ ಬರುವುದು ಯಾರ ಧ್ವನಿ ಎಂದು ಇನ್ನೊಂದು ಮಾತಾಡಿ ಕೇಳಿಸಿಕೊಳ್ಳಲು ಅವಳಿಗೆ ಧೈರ್ಯವಾಗಲಿಲ್ಲ.